ಒಂದು ಸರ್ವರ್, ನಲವತ್ತೆಂಟು ಕೋರ್, ಮೂರು ಪಾಳಿ: ಪೀಣ್ಯದ ಕಾರ್ಖಾನೆಯೊಂದರಿಂದ ವಿಂಡೋಸ್ ಸರ್ವರ್ ಮತ್ತು ಸಿಸ್ಟಮ್ ಸೆಂಟರ್ ಪರವಾನಗಿಗಳ ವಿಮರ್ಶೆ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವ್ಯವಸ್ಥೆಯ ಹೊಣೆ ನನ್ನದು. ವಿಂಡೋಸ್ ಸರ್ವರ್ 2012 ಆರ್2 ಆವೃತ್ತಿಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದದ್ದರಿಂದ, ಹತ್ತು ವರ್ಷ ದುಡಿದಿದ್ದ ನಮ್ಮ ಹಳೆಯ ಸರ್ವರನ್ನು ಬದಲಿಸುವುದು ಅನಿವಾರ್ಯವಾಯಿತು. 2024ರ ಆರಂಭದಲ್ಲಿ ಹೊಸ ಯಂತ್ರ, ವಿಂಡೋಸ್ ಸರ್ವರ್ 2022 ಸ್ಟ್ಯಾಂಡರ್ಡ್ ಮತ್ತು ಅದಕ್ಕೆ ಬೇಕಾದ ಪರವಾನಗಿಗಳನ್ನು ಕೊಂಡೆವು. ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನಿರ್ವಹಿಸಲು ಸಿಸ್ಟಮ್ ಸೆಂಟರನ್ನೂ ಪರೀಕ್ಷಿಸಿದೆವು. ತಂತ್ರಾಂಶದ ಗುಣದ ಬಗ್ಗೆ ನನಗೆ ಹೆಚ್ಚು ದೂರಿಲ್ಲ. ಆದ್ದರಿಂದ ಇಲ್ಲಿ ವಿಮರ್ಶಿಸುತ್ತಿರುವುದು ಮುಖ್ಯವಾಗಿ ಅದರ ಪರವಾನಗಿಯ ಲೆಕ್ಕವನ್ನು, ಮತ್ತು ಆ ಲೆಕ್ಕವನ್ನು ನಮಗೆ ಹೇಳಿಕೊಟ್ಟ, ಹೇಳಿಕೊಡದೆ ಬಿಟ್ಟ ಮಾರಾಟಗಾರರ ಸೇವೆಯನ್ನು.

ಮೊದಲು ಬಂದ ಮಾರಾಟಗಾರರ ಕೊಟೇಶನ್ ಒಂದೇ ಪುಟದ್ದಾಗಿತ್ತು. ಹದಿನಾರು ಕೋರ್‌ಗಳ (ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕ) ಒಂದು ಸರ್ವರ್ ಪರವಾನಗಿ, ತೊಂಬತ್ತೆಂಟು ಜನ ಸಿಬ್ಬಂದಿಗೆ ತೊಂಬತ್ತೆಂಟು ಯೂಸರ್ ಕ್ಯಾಲ್ (ಸರ್ವರ್ ಬಳಸುವವರಿಗೆ ತಲಾ ಒಂದರಂತೆ ಕೊಳ್ಳುವ ಪರವಾನಗಿ), ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ. ಓದಲು ಅಚ್ಚುಕಟ್ಟಾಗಿದ್ದ ಆ ಹಾಳೆಯ ಎರಡು ಸಾಲುಗಳೂ ತಪ್ಪಾಗಿದ್ದವು. ಮೊದಲನೆಯದರಲ್ಲಿ ಬೇಕಾದದ್ದಕ್ಕಿಂತ ಬಹಳ ಕಡಿಮೆ ಎಣಿಸಿದ್ದರು, ಎರಡನೆಯದರಲ್ಲಿ ಬೇಕಾದದ್ದರ ಎರಡು ಪಟ್ಟಿಗೂ ಹೆಚ್ಚು. ಒಂದು ಕೈಯಲ್ಲಿ ಕಳವು, ಇನ್ನೊಂದು ಕೈಯಲ್ಲಿ ದಾನ ಎಂಬಂತಾಗಿತ್ತು.

ಸರ್ವರ್ ಲೆಕ್ಕವನ್ನೇ ಮೊದಲು ನೋಡೋಣ. ವಿಂಡೋಸ್ ಸರ್ವರ್ 2016ರಿಂದ ಪರವಾನಗಿಯನ್ನು ಪ್ರೊಸೆಸರ್‌ಗೆ ಬದಲಾಗಿ ಅದರೊಳಗಿನ ಕೋರ್‌ಗಳಿಗೆ ಎಣಿಸಲಾಗುತ್ತದೆ. ಯಂತ್ರದಲ್ಲಿರುವ ಪ್ರತಿಯೊಂದು ಭೌತಿಕ ಕೋರ್‌ಗೂ ಪರವಾನಗಿ ಇರಬೇಕು. ಒಂದು ಪ್ರೊಸೆಸರ್‌ಗೆ ಕನಿಷ್ಠ 8, ಒಂದು ಸರ್ವರ್‌ಗೆ ಕನಿಷ್ಠ 16 ಕೋರ್‌ಗಳಿಗೆ ಹಣ ತೆರಲೇಬೇಕು. ಹಾಗೆ ಎಲ್ಲ ಕೋರ್‌ಗಳಿಗೂ ಒಮ್ಮೆ ಪರವಾನಗಿ ಪಡೆದರೆ ಸ್ಟ್ಯಾಂಡರ್ಡ್ ಆವೃತ್ತಿ ಎರಡು ವರ್ಚುವಲ್ ಯಂತ್ರಗಳನ್ನು (ಒಂದೇ ಯಂತ್ರದೊಳಗೆ ಬೇರೆ ಬೇರೆ ಸರ್ವರ್‌ಗಳಂತೆ ನಡೆಯುವಂಥವು) ನಡೆಸಲು ಹಕ್ಕು ಕೊಡುತ್ತದೆ. ಮೂರನೆಯದೋ ನಾಲ್ಕನೆಯದೋ ಬೇಕೆಂದರೆ ಎಲ್ಲ ಕೋರ್‌ಗಳಿಗೂ ಮತ್ತೊಮ್ಮೆ ಪರವಾನಗಿ ಕೊಳ್ಳಬೇಕು. ನಮ್ಮ ಯಂತ್ರದಲ್ಲಿ ತಲಾ ಹನ್ನೆರಡು ಕೋರ್‌ಗಳ ಎರಡು ಪ್ರೊಸೆಸರ್‌ಗಳಿದ್ದವು, ನಮಗೆ ಬೇಕಾಗಿದ್ದದ್ದು ನಾಲ್ಕು ವರ್ಚುವಲ್ ಯಂತ್ರ. ಇಪ್ಪತ್ನಾಲ್ಕರ ಎರಡು ಪಟ್ಟು ನಲವತ್ತೆಂಟು. ಮಾರಾಟಗಾರರು ಕೊಟ್ಟದ್ದು ಹದಿನಾರು. ಡೇಟಾಸೆಂಟರ್ ಆವೃತ್ತಿಯಲ್ಲಿ ವರ್ಚುವಲ್ ಯಂತ್ರಗಳಿಗೆ ಮಿತಿಯೇ ಇಲ್ಲವಾದರೂ ಅದರ ಬೆಲೆ ಹಲವು ಪಟ್ಟು ಹೆಚ್ಚು. ನಾಲ್ಕಾರು ವರ್ಚುವಲ್ ಯಂತ್ರಗಳವರಿಗೆ ಅದು ಲಾಭವಲ್ಲ.

ಇಲ್ಲಿ ತಪ್ಪು ನನ್ನದೂ ಇದೆ ಎಂದು ಒಪ್ಪಿಕೊಳ್ಳಬೇಕು. ನಾನು ಯಂತ್ರವನ್ನು ಮೊದಲು ಆರಿಸಿ, ಪರವಾನಗಿಯನ್ನು ಆಮೇಲೆ ವಿಚಾರಿಸಿದೆ. ನಮ್ಮ ಕೆಲಸಕ್ಕೆ ಹದಿನಾರು ಕೋರ್‌ಗಳ ಒಂದೇ ಪ್ರೊಸೆಸರ್ ಸಾಕಾಗಿತ್ತು. ಹಾಗೆ ಕೊಂಡಿದ್ದರೆ ಮೂವತ್ತೆರಡು ಕೋರ್ ಪರವಾನಗಿಗಳಲ್ಲಿ ಕೆಲಸ ಮುಗಿಯುತ್ತಿತ್ತು. ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡ ಎರಡನೆಯ ಪ್ರೊಸೆಸರ್ ತಂತ್ರಾಂಶದ ಬಿಲ್ಲಿನಲ್ಲಿ ತನ್ನ ಬೆಲೆಯನ್ನು ಬಡ್ಡಿ ಸಮೇತ ವಸೂಲು ಮಾಡಿಕೊಂಡಿತು.

ಇನ್ನು ಕ್ಯಾಲ್. ಕ್ಲೈಂಟ್ ಆಕ್ಸೆಸ್ ಲೈಸೆನ್ಸ್ ಎಂಬ ಉದ್ದನೆಯ ಹೆಸರನ್ನು ಯಾರೂ ಬಳಸುವುದಿಲ್ಲ. ಸರ್ವರ್ ಪರವಾನಗಿ ಎಂದರೆ ಅದನ್ನು ನಡೆಸುವ ಹಕ್ಕು ಮಾತ್ರ. ಅದರ ಸೇವೆಯನ್ನು ಮುಟ್ಟುವ ಪ್ರತಿಯೊಬ್ಬ ವ್ಯಕ್ತಿಗೂ ಅಥವಾ ಪ್ರತಿಯೊಂದು ಸಾಧನಕ್ಕೂ ಬೇರೆಯಾಗಿ ಕ್ಯಾಲ್ ಬೇಕು. ಕ್ಯಾಲ್ ಎಂಬುದು ಯಾವ ಕಂಪ್ಯೂಟರಿನಲ್ಲೂ ಅಳವಡಿಸುವ ತಂತ್ರಾಂಶವಲ್ಲ, ಕಾಗದದ ಮೇಲಿನ ಹಕ್ಕು. ಹಂಚಿಕೆಯ ಕಡತಗಳನ್ನು ಬಳಸುವಾಗ ಕ್ಯಾಲ್ ಇಲ್ಲವೆಂದು ಸರ್ವರ್ ಯಾರನ್ನೂ ತಡೆಯುವುದಿಲ್ಲ. ತಡೆಯುವುದಿಲ್ಲವೆಂಬ ಕಾರಣಕ್ಕೇ ನಮ್ಮ ಸುತ್ತಮುತ್ತಲಿನ ಎಷ್ಟೋ ಕಾರ್ಖಾನೆಗಳಲ್ಲಿ ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಯೂಸರ್ ಕ್ಯಾಲ್ ಬಿಎಂಟಿಸಿಯ ಮಾಸಿಕ ಪಾಸಿನಂತೆ. ಪಾಸು ವ್ಯಕ್ತಿಯದು, ಆತ ಬೆಳಿಗ್ಗೆ ಯಾವ ಬಸ್ಸು ಹತ್ತಿದರೂ ಸಂಜೆ ಯಾವುದರಲ್ಲಿ ಇಳಿದರೂ ನಡೆಯುತ್ತದೆ, ಆದರೆ ಅದನ್ನು ಪಕ್ಕದವನಿಗೆ ಕೊಡುವಂತಿಲ್ಲ. ಡಿವೈಸ್ ಕ್ಯಾಲ್ ಕಾರ್ಖಾನೆಯೇ ಗೊತ್ತುಮಾಡಿದ ವಾಹನದ ಸೀಟಿನಂತೆ. ಸೀಟಿಗೆ ಹಣ ಕೊಟ್ಟಾಗಿದೆ, ಯಾವ ಪಾಳಿಯವರು ಕುಳಿತರೇನು? ನಮ್ಮಲ್ಲಿ ಯಂತ್ರಶಾಲೆಯ ಅರವತ್ತಾರು ಕಾರ್ಮಿಕರು ಮೂರು ಪಾಳಿಗಳಲ್ಲಿ ಒಟ್ಟು ಹದಿನಾಲ್ಕು ಟರ್ಮಿನಲ್‌ಗಳನ್ನು ಹಂಚಿಕೊಂಡು, ನಕ್ಷೆಗಳನ್ನು ತೆರೆದು ನೋಡುತ್ತಾರೆ, ಉತ್ಪಾದನೆಯ ಸಂಖ್ಯೆಗಳನ್ನು ತುಂಬುತ್ತಾರೆ. ಕಚೇರಿಯ ಮೂವತ್ತೆರಡು ಜನರಿಗೆ ಮಾತ್ರ ತಂತಮ್ಮ ಕಂಪ್ಯೂಟರುಗಳಿವೆ, ಅವರಲ್ಲಿ ಕೆಲವರಿಗೆ ಎರಡೆರಡು. ಯಂತ್ರಶಾಲೆಗೆ ಹದಿನಾಲ್ಕು ಡಿವೈಸ್ ಕ್ಯಾಲ್, ಕಚೇರಿಗೆ ಮೂವತ್ತೆರಡು ಯೂಸರ್ ಕ್ಯಾಲ್, ಒಟ್ಟು ನಲವತ್ತಾರು. ತೊಂಬತ್ತೆಂಟು ಎಲ್ಲಿ, ನಲವತ್ತಾರು ಎಲ್ಲಿ! ಎರಡು ಬಗೆಯನ್ನೂ ಒಂದೇ ಸಂಸ್ಥೆಯಲ್ಲಿ ಬೆರೆಸಿ ಬಳಸಬಹುದೆಂಬ ಸರಳ ಸಂಗತಿಯನ್ನು ಮೊದಲ ಮಾರಾಟಗಾರರು ಹೇಳಲೇ ಇಲ್ಲ.

ಪಾಳಿಯ ಕಾರ್ಖಾನೆಗಳಿಗೆ ಡಿವೈಸ್ ಕ್ಯಾಲ್ ಹೊಂದುವುದಕ್ಕೆ ಇನ್ನೊಂದು ಕಾರಣವೂ ಉಂಟು. ಒಬ್ಬರ ಹೆಸರಿಗಿರುವ ಕ್ಯಾಲನ್ನು ಶಾಶ್ವತವಾಗಿ ಇನ್ನೊಬ್ಬರಿಗೆ ವರ್ಗಾಯಿಸಲು ತೊಂಬತ್ತು ದಿನಗಳ ಅಂತರ ಇರಬೇಕೆಂಬುದು ನಿಯಮ. ರಜೆಯ ಮೇಲೆ ಹೋದವರ ಬದಲಿಗೆ ಬಂದ ತಾತ್ಕಾಲಿಕ ಕೆಲಸಗಾರರಿಗೆ ಕೊಡುವುದಕ್ಕೂ, ಕೆಲಸ ಬಿಟ್ಟವರದ್ದನ್ನು ಬೇರೆಯವರಿಗೆ ಕೊಡುವುದಕ್ಕೂ ವಿನಾಯಿತಿ ಇದೆ. ಆದರೂ ಗುತ್ತಿಗೆ ಕಾರ್ಮಿಕರು ತಿಂಗಳಿಗೊಮ್ಮೆ ಬದಲಾಗುವ ಕಡೆ ಯೂಸರ್ ಕ್ಯಾಲ್‌ಗಳ ಪಟ್ಟಿ ಇಡುವುದೆಂದರೆ ಹರಿಯುವ ನೀರಿಗೆ ಗುರುತು ಹಾಕಿದಂತೆ. ಟರ್ಮಿನಲ್ ಮಾತ್ರ ಎಲ್ಲಿಗೂ ಹೋಗದು.

ನನ್ನನ್ನು ಬೆಚ್ಚಿಬೀಳಿಸಿದ್ದು ವೈಫೈ. ಯಂತ್ರಶಾಲೆಯ ಕಾರ್ಮಿಕರು ಊಟದ ಬಿಡುವಿನಲ್ಲಿ ಫೋನ್‌ಗಳನ್ನು ಕಾರ್ಖಾನೆಯ ವೈಫೈಗೆ ಜೋಡಿಸುತ್ತಿದ್ದರು, ಆ ಫೋನ್‌ಗಳಿಗೆ ಐಪಿ ವಿಳಾಸ (ಜಾಲದೊಳಗಿನ ಗುರುತು ಸಂಖ್ಯೆ) ಹಂಚುತ್ತಿದ್ದದ್ದು ನಮ್ಮ ವಿಂಡೋಸ್ ಸರ್ವರ್‌ನ ಡಿಎಚ್‌ಸಿಪಿ ಸೇವೆ. ವಿಳಾಸ ಪಡೆಯುವುದೂ ಸರ್ವರ್ ಸೇವೆಯ ಬಳಕೆಯೇ. ಟರ್ಮಿನಲ್‌ನ ಮೇಲಿರುವ ಡಿವೈಸ್ ಕ್ಯಾಲ್ ಕಾರ್ಮಿಕನ ಕಿಸೆಯಲ್ಲಿರುವ ಫೋನನ್ನು ಕಾಯುವುದಿಲ್ಲ. ಅಂದರೆ ನನ್ನ ಹದಿನಾಲ್ಕರ ಲೆಕ್ಕ ಒಂದು ಊಟದ ಬಿಡುವಿನಲ್ಲಿ ಎಂಬತ್ತಾಗುತ್ತಿತ್ತು. ಅತಿಥಿ ವೈಫೈಯನ್ನು ಬೇರೆ ಜಾಲವಾಗಿಸಿ, ಅದರ ವಿಳಾಸ ಹಂಚಿಕೆ ಮತ್ತು ಡಿಎನ್ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಎರಡನ್ನೂ ಜಾಲದ ಕಾವಲು ಸಾಧನವಾದ ಫೈರ್‌ವಾಲ್‌ಗೆ ವಹಿಸಿದೆವು. ಅರ್ಧ ದಿನದ ಕೆಲಸ, ಒಂದು ರೂಪಾಯಿಯ ಖರ್ಚಿಲ್ಲ.

ಉತ್ಪಾದನಾ ತಂತ್ರಾಂಶವು ಎಲ್ಲ ಕಾರ್ಮಿಕರ ಪರವಾಗಿ ಸರ್ವರ್‌ಗೆ ಒಂದೇ ಲಾಗಿನ್ ಬಳಸುತ್ತದೆ, ಹಾಗಾಗಿ ಒಂದು ಕ್ಯಾಲ್ ಸಾಕು ಎಂದು ವಾದಿಸುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಮಧ್ಯದಲ್ಲಿ ಯಾವ ತಂತ್ರಾಂಶ ಕುಳಿತು ಎಲ್ಲರ ಸಂಪರ್ಕವನ್ನು ಒಂದಾಗಿಸಿದರೂ ಕ್ಯಾಲ್ ಲೆಕ್ಕ ತುದಿಯಲ್ಲಿರುವ ಜನರದ್ದೇ ಅಥವಾ ಸಾಧನಗಳದ್ದೇ ಎಂದು ನಿಯಮಾವಳಿ ಹೇಳುತ್ತದೆ. ಸರ್ವರ್‌ನ ನಿರ್ವಹಣೆಗಾಗಿ ಮಾತ್ರ ಒಳಹೋಗುವ ಇಬ್ಬರಿಗೆ ಕ್ಯಾಲ್ ಬೇಡ ಎಂಬ ರಿಯಾಯಿತಿ ಇದೆ. ಈ ರಿಯಾಯಿತಿಯನ್ನೇ ಬೆಂಗಳೂರಿನ ಸಣ್ಣ ಕಚೇರಿಗಳು ಹೆಚ್ಚಾಗಿ ದುರುಪಯೋಗ ಮಾಡುವುದನ್ನು ಕಂಡಿದ್ದೇನೆ: ನಿರ್ವಹಣೆಗೆಂದು ಕೊಟ್ಟ ಎರಡು ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕಗಳಲ್ಲಿ (ದೂರದಿಂದಲೇ ಸರ್ವರ್‌ನ ಪರದೆಯಲ್ಲಿ ಕೆಲಸ ಮಾಡುವ ದಾರಿ) ಲೆಕ್ಕಪತ್ರ ವಿಭಾಗದ ಇಬ್ಬರು ಬೆಳಗಿನಿಂದ ಸಂಜೆಯವರೆಗೆ ಟ್ಯಾಲಿ ತೆರೆದುಕೊಂಡು ಕುಳಿತಿರುತ್ತಾರೆ. ಟ್ಯಾಲಿಯಲ್ಲಿ ನಮೂದು ಮಾಡುವುದು ಸರ್ವರ್ ನಿರ್ವಹಣೆಯಲ್ಲ. ಹಾಗೆ ದುಡಿಯುವವರಿಗೆ ಸಾಮಾನ್ಯ ಕ್ಯಾಲ್‌ನ ಮೇಲೆ ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್) ಕ್ಯಾಲ್ ಎಂಬ ಇನ್ನೊಂದು ಪರವಾನಗಿಯೂ ಬೇಕು. ಆ ಸೇವೆಯನ್ನು ಅಳವಡಿಸಿದ ಮೇಲೆ ಪರವಾನಗಿ ಒದಗಿಸಲು 120 ದಿನಗಳ ಅವಧಿ ಸಿಗುತ್ತದೆ, ಆಮೇಲೆ ಅದು ನಿಜಕ್ಕೂ ಬಾಗಿಲು ಹಾಕುತ್ತದೆ. ಅದು ಜಿಎಸ್‌ಟಿ ಲೆಕ್ಕ ಸಲ್ಲಿಸುವ ದಿನಗಳಲ್ಲೇ ಆಗುವುದೆಂದು ಹೇಳಬೇಕಾಗಿಲ್ಲ. ನಾವು ಐದು ಆರ್‌ಡಿಎಸ್ ಕ್ಯಾಲ್‌ಗಳನ್ನು ಕೊಂಡೆವು.

ಕ್ಯಾಲ್‌ನ ಆವೃತ್ತಿಯ ಬಗ್ಗೆಯೂ ಒಂದು ಮಾತು. ಸರ್ವರ್‌ನ ಆವೃತ್ತಿಯದ್ದೋ ಅದಕ್ಕಿಂತ ಹೊಸದೋ ಆದ ಕ್ಯಾಲ್ ಮಾತ್ರ ಸಲ್ಲುತ್ತದೆ. 2024ರ ನವೆಂಬರ್‌ನಲ್ಲಿ ವಿಂಡೋಸ್ ಸರ್ವರ್ 2025 ಬಂತು. ನಮ್ಮ 2022ರ ಕ್ಯಾಲ್‌ಗಳು ಅದಕ್ಕೆ ನಡೆಯುವುದಿಲ್ಲ. ಈಗ ಕೊಳ್ಳುವವರು 2022ರ ಸರ್ವರ್ ನಡೆಸುವುದಿದ್ದರೂ 2025ರ ಪರವಾನಗಿ ಮತ್ತು ಕ್ಯಾಲ್‌ಗಳನ್ನೇ ಕೊಳ್ಳುವುದು ಮೇಲು, ಏಕೆಂದರೆ ಹೊಸ ಪರವಾನಗಿಯಲ್ಲಿ ಹಳೆಯ ಆವೃತ್ತಿಯನ್ನು ನಡೆಸಲು ಹಕ್ಕಿದೆ, ಹಳೆಯದರಲ್ಲಿ ಹೊಸದನ್ನು ನಡೆಸಲು ಹಕ್ಕಿಲ್ಲ.

ಸಿಸ್ಟಮ್ ಸೆಂಟರ್ ಬಗ್ಗೆ ನನಗೆ ಆಸೆಯಿತ್ತು. 1994ರಲ್ಲಿ ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್ ಎಂಬ ಹೆಸರಿನಿಂದ ಹುಟ್ಟಿ, ಮುಂದೆ ಕಾನ್ಫಿಗರೇಶನ್ ಮ್ಯಾನೇಜರ್ ಆದ ಸಲಕರಣೆಯಿಂದ ಎಲ್ಲ ಕಂಪ್ಯೂಟರುಗಳಿಗೆ ಅಪ್‌ಡೇಟ್ ಕಳಿಸಬಹುದು, ತಂತ್ರಾಂಶ ಹಂಚಬಹುದು, ಯಾವ ಯಂತ್ರದಲ್ಲಿ ಏನಿದೆ ಎಂಬ ಪಟ್ಟಿ ಪಡೆಯಬಹುದು. ಅದರ ಜೊತೆಗೆ ಸರ್ವರ್‌ಗಳ ಆರೋಗ್ಯ ನೋಡುವ ಆಪರೇಶನ್ಸ್ ಮ್ಯಾನೇಜರ್, ಬ್ಯಾಕಪ್ ತೆಗೆಯುವ ಡೇಟಾ ಪ್ರೊಟೆಕ್ಷನ್ ಮ್ಯಾನೇಜರ್, ವರ್ಚುವಲ್ ಯಂತ್ರಗಳನ್ನು ನೋಡಿಕೊಳ್ಳುವ ಇನ್ನೊಂದು ಭಾಗ ಇವೆ. ಪರೀಕ್ಷಿಸಿ ನೋಡಲೆಂದು ಕೊಡುವ ಅದರ ಪ್ರತಿಯು 180 ದಿನಗಳವರೆಗೆ ನಡೆಯುತ್ತದೆ. ನಾನು ಅದನ್ನು ಪೂರ್ತಿಯಾಗಿ ಬಳಸಿಕೊಂಡೆ. ಪಟ್ಟಿ ತಯಾರಿಸುವ ಕೆಲಸದಲ್ಲಿ ಅದರ ನಿಷ್ಠೆ ಮೆಚ್ಚತಕ್ಕದ್ದು: ಗೋದಾಮಿನ ಮೂಲೆಯಲ್ಲಿ ವರ್ಷಗಟ್ಟಲೆ ಯಾರೂ ನೋಡದಿದ್ದ, ಆದರೆ ದಿನವೂ ಚಾಲನೆಯಲ್ಲಿದ್ದ ಒಂದು ವಿಂಡೋಸ್ 7 ಯಂತ್ರವನ್ನು ಅದೇ ನನಗೆ ತೋರಿಸಿಕೊಟ್ಟದ್ದು.

ಪರವಾನಗಿಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ, ಹೊಸಬರು ಎಡವುವುದೂ ಇಲ್ಲಿಯೇ. ನಿರ್ವಹಿಸುವ ಸರ್ವರ್‌ಗೆ ಸಿಸ್ಟಮ್ ಸೆಂಟರ್ ಪರವಾನಗಿ ಬೇಡ. ನಿರ್ವಹಣೆಗೆ ಒಳಪಡುವ ಯಂತ್ರಗಳಿಗೆ ಬೇಕು. ಎಷ್ಟು ಕಡೆ ಸಲಕರಣೆಯನ್ನು ಅಳವಡಿಸಿದ್ದೀರಿ ಎಂಬುದಕ್ಕೆ ಬೆಲೆಯಿಲ್ಲ, ಅದರ ಕೈ ಎಷ್ಟು ದೂರ ಚಾಚುತ್ತದೆ ಎಂಬುದಕ್ಕೆ ಬೆಲೆ. ನಿರ್ವಹಣೆಗೆ ಒಳಪಡುವ ಸರ್ವರ್‌ಗಳಿಗೆ ವಿಂಡೋಸ್ ಸರ್ವರ್‌ನಂತೆಯೇ ಕೋರ್ ಲೆಕ್ಕ, ಸ್ಟ್ಯಾಂಡರ್ಡ್‌ನಲ್ಲಿ ಎರಡು ವರ್ಚುವಲ್ ಯಂತ್ರ, ಡೇಟಾಸೆಂಟರ್‌ನಲ್ಲಿ ಮಿತಿಯಿಲ್ಲ. ನಮಗೆ ಮತ್ತೆ ಅದೇ ನಲವತ್ತೆಂಟು. ಸಾಮಾನ್ಯ ಕಂಪ್ಯೂಟರುಗಳಿಗೆ ಕ್ಲೈಂಟ್ ಮ್ಯಾನೇಜ್‌ಮೆಂಟ್ ಪರವಾನಗಿ ಎಂಬ ಬೇರೆ ಬಗೆ, ಅದು ಕ್ಯಾಲ್‌ನಂತೆ ವ್ಯಕ್ತಿಯ ಲೆಕ್ಕದಲ್ಲೂ ಯಂತ್ರದ ಲೆಕ್ಕದಲ್ಲೂ ಸಿಗುತ್ತದೆ. ಸರ್ವರ್ ಪರವಾನಗಿಯಲ್ಲಿ ಕಂಪ್ಯೂಟರುಗಳು ಸೇರುವುದಿಲ್ಲ, ಕ್ಲೈಂಟ್ ಪರವಾನಗಿಯಲ್ಲಿ ಸರ್ವರ್‌ಗಳು ಸೇರುವುದಿಲ್ಲ. ಒಂದನ್ನು ಕೊಂಡವರು ಇನ್ನೊಂದು ತಾನಾಗಿಯೇ ಬಂದಿದೆ ಎಂದುಕೊಳ್ಳುವುದನ್ನು ನೋಡಿದ್ದೇನೆ.

ಸಿಸ್ಟಮ್ ಸೆಂಟರ್‌ಗೆ ಬೇಕಾದ ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್ ಎಂಬ ಡೇಟಾಬೇಸ್ ತಂತ್ರಾಂಶದ ಹಕ್ಕು ಅದರ ಪರವಾನಗಿಯೊಳಗೇ ಇದೆ, ಅದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ. ಇದು ಉದಾರವಾದ ಏರ್ಪಾಡು. ಆದರೆ ಆ ಡೇಟಾಬೇಸ್ ಸಿಸ್ಟಮ್ ಸೆಂಟರ್‌ನ ಕೆಲಸಕ್ಕೆ ಮಾತ್ರ. ಹಾಜರಾತಿ ತಂತ್ರಾಂಶದವರು ಒಂದು ಡೇಟಾಬೇಸ್‌ಗೆ ಜಾಗ ಕೇಳಿದಾಗ, ಹೇಗೂ ಎಸ್‌ಕ್ಯೂಎಲ್ ಇದೆಯಲ್ಲ ಎಂದು ಅಲ್ಲಿಯೇ ಇಡಲು ಹೊರಟಿದ್ದೆ. ಹಾಗೆ ಇಟ್ಟ ಕ್ಷಣದಿಂದ ಅದಕ್ಕೆ ಪೂರ್ಣ ಪರವಾನಗಿ ಬೇಕಾಗುತ್ತದೆ ಎಂದು ಆಮೇಲೆ ನಾವು ವಿಚಾರಿಸಿದ ಎರಡನೆಯ ಮಾರಾಟಗಾರರ ಕಡೆಯ ಹುಡುಗಿಯೊಬ್ಬಳು ಫೋನಿನಲ್ಲಿ ತಡೆದಳು. ಅವಳ ಒಂದು ನಿಮಿಷದ ಮಾತು ನಮಗೆ ಉಳಿಸಿಕೊಟ್ಟ ಹಣ, ಆ ಸಂಸ್ಥೆ ನಮ್ಮಿಂದ ಪಡೆದ ಸೇವಾ ಶುಲ್ಕಕ್ಕಿಂತ ಹೆಚ್ಚು.

ಕೊನೆಗೆ ನಾವು ಸಿಸ್ಟಮ್ ಸೆಂಟರ್ ಕೊಳ್ಳಲಿಲ್ಲ. ಕಾನ್ಫಿಗರೇಶನ್ ಮ್ಯಾನೇಜರ್‌ನ ಒಂದು ಪ್ರೈಮರಿ ಸೈಟ್ (ನಿರ್ವಹಣೆಯ ಮುಖ್ಯ ಘಟಕ) 1,50,000 ಡೆಸ್ಕ್‌ಟಾಪ್‌ಗಳವರೆಗೆ ನಿಭಾಯಿಸಬಲ್ಲದು, ನಮ್ಮಲ್ಲಿರುವುದು ಐವತ್ತೈದು. ಎತ್ತಿನ ಗಾಡಿಗೆ ರೈಲಿನ ಎಂಜಿನ್ ಹೂಡಿದಂತಾಗುತ್ತಿತ್ತು. ಅದಲ್ಲದೆ ಕಾಲಕಾಲಕ್ಕೆ ಬರುವ ಅದರ ಪ್ರತಿಯೊಂದು ಆವೃತ್ತಿಗೆ ಬೆಂಬಲ ಹದಿನೆಂಟು ತಿಂಗಳು ಮಾತ್ರ, ಆ ಸರಣಿಯನ್ನು ಬಳಸುತ್ತಿರಲು ಸಾಫ್ಟ್‌ವೇರ್ ಅಶೂರೆನ್ಸ್ (ಹೊಸ ಆವೃತ್ತಿಗಳ ಹಕ್ಕಿಗಾಗಿ ಕೊಳ್ಳುವ ಹೆಚ್ಚುವರಿ ಒಪ್ಪಂದ) ಅಥವಾ ಚಂದಾ ಚಾಲ್ತಿಯಲ್ಲಿರಬೇಕು. ನೂರಾರು ಸರ್ವರ್‌ಗಳಿರುವ ವೈಟ್‌ಫೀಲ್ಡ್‌ನ ದೊಡ್ಡ ಸಂಸ್ಥೆಗಳಿಗೆ ಅದು ಸರಿಯಾದ ಆಯ್ಕೆಯಾಗಿರಬಹುದು, ಪೀಣ್ಯದ ಶೆಡ್ಡಿಗಲ್ಲ.

ಅದರ ಬದಲಿಗೆ ಕಚೇರಿಯ ಮೂವತ್ತೆರಡು ಜನರಿಗೆ ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ಚಂದಾ ಮಾಡಿದೆವು. ಅದು 300 ಬಳಕೆದಾರರವರೆಗಿನ ಸಂಸ್ಥೆಗಳಿಗೆ ಸಿಗುತ್ತದೆ, ಅದರಲ್ಲಿ ಸಾಧನಗಳನ್ನು ಅಂತರ್ಜಾಲದ ಮೂಲಕ ನಿರ್ವಹಿಸುವ ಇನ್‌ಟ್ಯೂನ್ ಸೇರಿದೆ, ಒಬ್ಬ ಬಳಕೆದಾರ ಹದಿನೈದು ಸಾಧನಗಳವರೆಗೆ ನೋಂದಾಯಿಸಬಹುದು. ಯಾರ ಹೆಸರಿಗೂ ಇಲ್ಲದ ಹದಿನಾಲ್ಕು ಟರ್ಮಿನಲ್‌ಗಳಿಗೆ ಇನ್‌ಟ್ಯೂನ್‌ನ ಸಾಧನ ಪರವಾನಗಿ ಪಡೆದೆವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವ ಮೊದಲು ಅರ್ಹವಾದ ಯಂತ್ರಗಳನ್ನು ವಿಂಡೋಸ್ 11ಕ್ಕೆ ಏರಿಸಿದ್ದು ಇನ್‌ಟ್ಯೂನ್ ಮೂಲಕವೇ. ಆ ಕೆಲಸವನ್ನು ಅದು ಸದ್ದಿಲ್ಲದೆ ಮಾಡಿತು. ಆದರೆ ವರದಿಗಳು ತಡವಾಗಿ ಬರುತ್ತವೆ. ಆದೇಶ ಕೊಟ್ಟು ಯಂತ್ರದ ಮುಂದೆ ಕುಳಿತು ಕಾಯುವವರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಬಿಸಿನೆಸ್ ಪ್ರೀಮಿಯಂನಲ್ಲಿ ವಿಂಡೋಸ್ ಸರ್ವರ್ ಕ್ಯಾಲ್‌ನ ಹಕ್ಕು ಇಲ್ಲವೆಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು. ದುಬಾರಿಯಾದ ಮೈಕ್ರೋಸಾಫ್ಟ್ 365 ಇ3 ಚಂದಾದಲ್ಲಿ ಆ ಹಕ್ಕು ಸೇರಿದೆ, ಇದರಲ್ಲಿ ಸೇರಿಲ್ಲ. ಎರಡೂ ಒಂದೇ ಕುಟುಂಬದವು, ಹೆಸರುಗಳೂ ಹೆಚ್ಚುಕಡಿಮೆ ಒಂದೇ ಬಗೆಯವು; ಚಂದಾ ಮಾಡಿದ್ದೇವೆ, ಇನ್ನೇಕೆ ಕ್ಯಾಲ್ ಎಂದು ನಮ್ಮ ಲೆಕ್ಕಪತ್ರದವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಇನ್‌ಟ್ಯೂನ್ ಸರ್ವರ್‌ಗಳನ್ನೂ ನೋಡಿಕೊಳ್ಳುವುದಿಲ್ಲ. ಅವಕ್ಕೆ ವಿಂಡೋಸ್ ಸರ್ವರ್‌ನೊಂದಿಗೇ ಬರುವ, ಅಪ್‌ಡೇಟ್ ಹಂಚುವ ಡಬ್ಲ್ಯುಎಸ್‌ಯುಎಸ್ ಬಳಸುತ್ತಿದ್ದೇವೆ. ಅದಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವುದಿಲ್ಲವೆಂದು ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ, ಆದರೂ 2025ರ ಆವೃತ್ತಿಯಲ್ಲಿ ಅದು ಉಳಿದಿದೆ. ನಾಲ್ಕು ವರ್ಚುವಲ್ ಸರ್ವರ್‌ಗಳಿಗೆ ಅಷ್ಟು ಸಾಕು.

ಕಂಪ್ಯೂಟರುಗಳನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರಸ್ತೆಯಲ್ಲಿ ಜೋಡಿಸಿ ತರುವವರು ಒಂದು ವಿಷಯ ತಿಳಿದಿರಬೇಕು. ಸಗಟು ಪರವಾನಗಿಯಲ್ಲಿ ಸಿಗುವ ವಿಂಡೋಸ್ ಮೇಲ್ದರ್ಜೆಗೆ ಏರಿಸುವುದಕ್ಕೆ ಮಾತ್ರ; ಅದರ ಕೆಳಗೆ ಪ್ರೊ ಆವೃತ್ತಿಯ ಮೂಲ ಪರವಾನಗಿ ಇರಲೇಬೇಕು. ಬರಿಯ ಯಂತ್ರದ ಮೇಲೆ ಅದನ್ನು ಹಾಕಿದರೆ ಅದು ಚಾಲನೆಯಾಗುತ್ತದೆ, ಸಕ್ರಿಯವೂ ಆಗುತ್ತದೆ, ಸಕ್ರಮ ಮಾತ್ರ ಆಗುವುದಿಲ್ಲ. ಹೋಮ್ ಆವೃತ್ತಿಯ ಲ್ಯಾಪ್‌ಟಾಪ್‌ಗಳನ್ನು ಅಗ್ಗವೆಂದು ತಂದರೆ ಅವು ಡೊಮೇನ್‌ಗೆ (ಸರ್ವರ್ ಒಂದೇ ಕಡೆಯಿಂದ ನಿಯಂತ್ರಿಸುವ ಕಂಪ್ಯೂಟರುಗಳ ಗುಂಪಿಗೆ) ಸೇರುವುದೇ ಇಲ್ಲ. ಕೆಲವೇ ನೂರು ರೂಪಾಯಿಗಳಿಗೆ ಸಿಗುವ ಸರ್ವರ್ ಕೀಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ: ಇಪ್ಪತ್ತೈದು ಅಕ್ಷರಗಳ ಸಾಲು ಪರವಾನಗಿಯಲ್ಲ. ನಕಲು ತಂತ್ರಾಂಶವನ್ನು ತಿಳಿದೂ ಬಳಸುವವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ನಮ್ಮ ಮಾಲೀಕರಿಗೆ ಬಜೆಟ್ ಮಂಜೂರು ಮಾಡಿಸಲು ನಾನು ತೋರಿಸಿದ್ದು ಈ ಒಂದು ಕಲಮನ್ನು.

ಇಂದು ಸಣ್ಣ ಸಂಸ್ಥೆಗಳಿಗೆ ಇರುವ ಮುಖ್ಯ ಖರೀದಿ ದಾರಿ ಸಿಎಸ್‌ಪಿ (ಕ್ಲೌಡ್ ಸೊಲ್ಯೂಷನ್ ಪ್ರೊವೈಡರ್) ಎನ್ನುವ ಮೈಕ್ರೋಸಾಫ್ಟ್ ಪಾಲುದಾರರ ಮೂಲಕ. ಹಿಂದೆ ಎಲ್ಲರೂ ಬಳಸುತ್ತಿದ್ದ ಓಪನ್ ಲೈಸೆನ್ಸ್‌ನಲ್ಲಿ ಹೊಸ ಖರೀದಿ 2021ರ ಡಿಸೆಂಬರ್ 31ಕ್ಕೆ ನಿಂತಿತು. ಎಂಟರ್‌ಪ್ರೈಸ್ ಒಪ್ಪಂದಕ್ಕೆ ಕನಿಷ್ಠ 500 ಬಳಕೆದಾರರು ಅಥವಾ ಸಾಧನಗಳಿರಬೇಕು. ಯಂತ್ರದೊಂದಿಗೆ ಬರುವ ಒಇಎಂ ಪರವಾನಗಿ ಅಗ್ಗವಾದರೂ ಆ ಯಂತ್ರದೊಂದಿಗೇ ಸಾಯುತ್ತದೆ. ಸಿಎಸ್‌ಪಿಯಲ್ಲಿ ಶಾಶ್ವತ ಪರವಾನಗಿಯೂ ಸಿಗುತ್ತದೆ, ಯಂತ್ರ ಹಳತಾದಾಗ ಹೊಸದಕ್ಕೆ ಕೊಂಡೊಯ್ಯಬಹುದು.

ಮಾರಾಟಗಾರರ ಸೇವೆಗೆ ಅಂಕ ಕೊಡುವುದಾದರೆ, ಮೊದಲನೆಯವರಿಗೆ ಹತ್ತಕ್ಕೆ ಎರಡು, ಅದೂ ಫೋನ್ ಎತ್ತುತ್ತಿದ್ದರೆಂಬ ಕಾರಣಕ್ಕೆ. ಎರಡನೆಯವರು ಬೆಲೆ ಹೇಳುವ ಮೊದಲು ಕಾರ್ಖಾನೆಗೆ ಬಂದು ರಾತ್ರಿ ಪಾಳಿ ಬದಲಾಗುವ ಹೊತ್ತಿನಲ್ಲಿ ಟರ್ಮಿನಲ್‌ಗಳನ್ನು ತಾವೇ ಎಣಿಸಿದರು, ನಲವತ್ತೆಂಟು ಎಂಬ ಕಹಿ ಸಂಖ್ಯೆಯನ್ನು ಮುಚ್ಚಿಡದೆ ಹೇಳಿದರು, ಅವರಿಗೆ ಎಂಟು. ಕಳೆದ ಎರಡು ಅಂಕಗಳಲ್ಲಿ ಒಂದು ಇನ್‌ವಾಯ್ಸ್ ತಡವಾಗಿ ಕೊಟ್ಟದ್ದಕ್ಕೆ, ಇನ್ನೊಂದು ಅದರಲ್ಲಿ ಕ್ಯಾಲ್‌ನ ಬಗೆಯನ್ನೂ ಆವೃತ್ತಿಯನ್ನೂ ಬರೆಯದೆ ಸುಮ್ಮನೆ ಕ್ಯಾಲ್ ಎಂದಷ್ಟೇ ನಮೂದಿಸಿದ್ದಕ್ಕೆ. ಅದನ್ನು ತಿದ್ದಿಸಿ ತರಿಸಿಕೊಂಡೆ, ಏಕೆಂದರೆ ಸರ್ವರ್‌ನೊಳಗೆ ಕಾಣದ ಈ ಹಕ್ಕಿಗೆ ಆ ಕಾಗದವೂ ಖಾತೆಯಲ್ಲಿರುವ ದಾಖಲೆಯೂ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ.

ಖಾತೆಯ ವಿಷಯದಲ್ಲಿ ಮೊದಲ ಮಾರಾಟಗಾರರು ಬಿಟ್ಟುಹೋದ ತೊಡಕು ಇನ್ನೊಂದಿತ್ತು. ನಮ್ಮ ಹೆಸರಿನ ಮೈಕ್ರೋಸಾಫ್ಟ್ ಟೆನೆಂಟ್ (ಸಂಸ್ಥೆಯ ಚಂದಾ, ಪರವಾನಗಿಗಳೆಲ್ಲ ಇರುವ ಖಾತೆ) ಅನ್ನು ಅವರು ತಮ್ಮ ಸಿಬ್ಬಂದಿಯೊಬ್ಬರ ಇಮೇಲ್ ವಿಳಾಸದಿಂದ ತೆರೆದಿದ್ದರು, ಆ ವ್ಯಕ್ತಿ ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಆಡಳಿತದ ಅಧಿಕಾರವನ್ನು ನಮ್ಮ ಕೈಗೆ ತಂದುಕೊಳ್ಳಲು ಮೂರು ವಾರ ಓಡಾಡಬೇಕಾಯಿತು. ಈಗ ಅದು ಕಾರ್ಖಾನೆಯದೇ ವಿಳಾಸದಲ್ಲಿದೆ, ಅದರ ಪಾಸ್‌ವರ್ಡ್ ಇರುವ ಲಕೋಟೆ ಮಾಲೀಕರ ಕಪಾಟಿನಲ್ಲಿ ಕಾರ್ಖಾನೆಯ ಖಾತಾಪತ್ರದ ಪಕ್ಕದಲ್ಲಿದೆ.